ಫಣಿಯಮ್ಮ ಸುಮ್ಮನಿದ್ರು, ನಮ್ಮನೆ ಎರಡಾಯ್ತು

ನಮ್ಮ ಬಳಗದಲ್ಲಿ ಜಗಳ ಹತ್ತಬೇಕು ಅಂದ್ರೆ ಆಸ್ತಿ ಪಾಲೂ ಬೇಡ, ಒಡವೆ ಮಾತೂ ಬೇಡ. ‘ಫಣಿಯಮ್ಮ’ ಸಿನಿಮಾದ ಹೆಸರು ತೆಗೆದ್ರೆ ಸಾಕು. ಶಿವಮೊಗ್ಗದ ನಮ್ಮತ್ತೆ ಕಡೆಯವರು ಒಂದು ಹೇಳ್ತಾರೆ, ಭದ್ರಾವತಿ ನ್ಯೂಟೌನಿನ ದೊಡ್ಡಮ್ಮನ ಕಡೆಯವರು ಇನ್ನೊಂದು ಹೇಳ್ತಾರೆ. ಮಧ್ಯದಲ್ಲಿ ಚಿಕ್ಕಮ್ಮ ಮೂರನೇದು ಹೇಳಿ ಎರಡೂ ಕಡೆಯವರ ಹತ್ರ ಬೈಸ್ಕೊಳ್ತಾರೆ. ನಲವತ್ತು ವರ್ಷ ಆಗ್ತಾ ಬಂತು, ಈ ಜಗಳ ಇನ್ನೂ ಹಳೇದಾಗಿಲ್ಲ.

ಮೊನ್ನೆ ನನ್ನ ತಂಗಿ ಮಗಳು ಕೇಳಿದ್ಲು: “ಆ ಸಿನಿಮಾದಲ್ಲಿ ಹೊಡೆದಾಟ ಇಲ್ಲ, ಹಾಡು-ಕುಣಿತ ಇಲ್ಲ, ಜೋರಾಗಿ ಒಂದು ಮಾತೂ ಇಲ್ಲ. ಅಷ್ಟು ತಣ್ಣಗಿರೋ ಸಿನಿಮಾಕ್ಕೆ ನೀವೆಲ್ಲ ಇಷ್ಟು ಬಿಸಿ ಆಗೋದು ಎಂತಕ್ಕೆ ದೊಡ್ಡಮ್ಮ?” ಒಳ್ಳೆ ಪ್ರಶ್ನೆ. ಎರಡು ಮಾತಲ್ಲಿ ಉತ್ತರ ಹೇಳಕ್ಕೆ ಆಗಲಿಲ್ಲ. ಅದಕ್ಕೇ ಕೂತು ಬರೀತಿದೀನಿ. ಸ್ವಲ್ಪ ಹಿಂದಿನಿಂದ ಬರಬೇಕು, ತಾಳ್ಮೆಯಿಂದ ಓದಿ.

ಮೊದಲು ಈ ಕಥೆ ಯಾರಿಂದ ಯಾರಿಗೆ ಬಂತು ಅಂತ ನೋಡಣ. ಫಣಿಯಮ್ಮ ಅನ್ನೋರು ನಿಜವಾಗಿ ಇದ್ದೋರು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಚಿಕ್ಕ ಹುಡುಗಿಯಾಗಿದ್ದಾಗ ಅವರನ್ನ ಕಂಡಿದ್ರು. ಫಣಿಯಮ್ಮ ತಮ್ಮ ಬದುಕಿನ ಕಥೆ ಹೇಳಿಕೊಂಡಿದ್ದು ಇಂದಿರಾ ಅವರ ತಾಯಿ ಹತ್ರ. ಮಗಳು ಅದನ್ನ ಕಿವಿಗೆ ಹಾಕ್ಕಂಡು ಎಷ್ಟೋ ವರ್ಷ ಇಟ್ಕಂಡ್ರು. ಇಂದಿರಾ ಹುಟ್ಟಿದ್ದು 1917ರಲ್ಲಿ. ಹನ್ನೆರಡು ವರ್ಷಕ್ಕೆ ಮದುವೆ, ಹೆಚ್ಚು ಓದು ಇಲ್ಲ. ಮೊದಲ ಕಾದಂಬರಿ ‘ತುಂಗಭದ್ರಾ’ ಬಂದಿದ್ದು 1963ರಲ್ಲಿ, ಅಂದ್ರೆ ಅವರಿಗೆ ನಲವತ್ತೈದು ದಾಟಿದ ಮೇಲೆ. ಮನೆವಾರ್ತೆ ಮುಗಿಸ್ಕಂಡು ಪೆನ್ನು ಹಿಡಿದ ಹೆಂಗಸು. ‘ಫಣಿಯಮ್ಮ’ ಪುಸ್ತಕ ಆಗಿದ್ದು 1976ರಲ್ಲಿ.

ಅದನ್ನ ಸಿನಿಮಾ ಮಾಡಿದ್ದು ಪ್ರೇಮಾ ಕಾರಂತ, ಬಿ.ವಿ. ಕಾರಂತರ ಹೆಂಡತಿ. ಇವರು ಹುಟ್ಟಿದ್ದು ನಮ್ಮ ಭದ್ರಾವತಿ ತಾಲ್ಲೂಕಿನಲ್ಲಿ, 1936ರಲ್ಲಿ. ಬೆಳೆದಿದ್ದು ಶಿಡ್ಲಘಟ್ಟದ ಅಜ್ಜ-ಅಜ್ಜಿ ಮನೇಲಿ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೇಲಿ ಕಲಿತು ಬಂದು ನಾಟಕಗಳಿಗೆ ಬಟ್ಟೆಬರೆ ವಿನ್ಯಾಸ ಮಾಡೋರು, ಮಕ್ಕಳ ನಾಟಕ ಆಡಿಸೋರು. ‘ಫಣಿಯಮ್ಮ’ ಅವರ ಮೊದಲ ಸಿನಿಮಾ, 1983ರದ್ದು. ಕನ್ನಡದಲ್ಲಿ ಹೆಂಗಸೊಬ್ಬಳು ನಿರ್ದೇಶಕಿ ಕುರ್ಚಿಯಲ್ಲಿ ಕೂರೋದೇ ಅಪರೂಪ ಆಗಿದ್ದ ಕಾಲ ಅದು. ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು.

ನೋಡಿ, ಅಜ್ಜಿ ಹೇಳಿದ್ದು ಒಬ್ಬ ತಾಯಿಗೆ, ತಾಯಿಯಿಂದ ಮಗಳಿಗೆ, ಮಗಳ ಪುಸ್ತಕದಿಂದ ಇನ್ನೊಬ್ಬ ಹೆಂಗಸಿನ ಸಿನಿಮಾಕ್ಕೆ. ಎಲ್ಲ ಹೆಂಗಸರ ಬಾಯಿಂದ ಹೆಂಗಸರ ಕಿವಿಗೆ ಬಂದಿದ್ದು. ಅದೂ ನಮ್ಮ ಜಿಲ್ಲೆಯೊಳಗೇ ಹುಟ್ಟಿದ್ದು.

ಇನ್ನು ಕಥೆ. ಫಣಿ ಅನ್ನೋ ಹುಡುಗಿಗೆ ಒಂಬತ್ತು ವರ್ಷಕ್ಕೆ ಮದುವೆ. ಆದ ಸ್ವಲ್ಪ ದಿನಕ್ಕೇ ಗಂಡ ತೀರಿಹೋಗ್ತಾನೆ. ಬಳೆ ಒಡೀತಾರೆ. ಮೈನೆರೆದ ಮೇಲೆ ತಲೆ ಬೋಳಿಸಿ ಮಡಿಸೀರೆ ಉಡಿಸ್ತಾರೆ. ಅಲ್ಲಿಂದ ಮುಂದೆ ತಣ್ಣೀರು ಸ್ನಾನ, ಒಪ್ಪತ್ತು ಊಟ, ಎಲ್ಲರ ಮನೆ ಕೆಲಸ, ಎಲ್ಲರ ಬಾಣಂತನ. ಇಂದಿರಾ ಅವರ ಲೆಕ್ಕದಲ್ಲಿ ಫಣಿಯಮ್ಮ ಹುಟ್ಟಿದ್ದು 1840ರಲ್ಲಿ, ಹೋಗಿದ್ದು 1952ರಲ್ಲಿ. ನೂರ ಹನ್ನೆರಡು ವರ್ಷ.

ಈ ನೂರ ಹನ್ನೆರಡು ವರ್ಷದಲ್ಲಿ ಹೊರಗಡೆ ಏನೆಲ್ಲ ಆಯ್ತು ಅಂತ ನಾನೊಂದು ಚೀಟಿ ಮಾಡ್ಕಂಡೆ. ವಿಧವೆಯರು ಮತ್ತೆ ಮದುವೆ ಆಗಬಹುದು ಅಂತ ಬ್ರಿಟಿಷ್ ಸರ್ಕಾರ ಕಾಯ್ದೆ ಮಾಡಿದ್ದು 1856ರಲ್ಲಿ. ಫಣಿಯಮ್ಮನಿಗೆ ಆಗ ಬರೀ 16. ಕಲ್ಕತ್ತೆಯಲ್ಲಿ ಹೊರಟ ಆ ಕಾಯ್ದೆ ಮಲೆನಾಡಿನ ಹಿತ್ತಲ ಬಾಗಿಲು ತಟ್ಟಲಿಲ್ಲ. ಮೈಸೂರು ಸಂಸ್ಥಾನ ಬಾಲ್ಯವಿವಾಹ ತಡೆಯಕ್ಕೆ ಕಾಯ್ದೆ ತಂದಿದ್ದು 1894ರಲ್ಲಿ. ಅದು ತಡೆದಿದ್ದು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನ. ಒಂಬತ್ತಕ್ಕೆ ಧಾರೆ ಎರೆದ ಫಣಿಯಂಥ ಹುಡುಗಿಗೆ ಆ ಕಾಯ್ದೇಲಿ ಜಾಗವೇ ಇಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿದ 1923ರಲ್ಲಿ ಅವರಿಗೆ 83. ಸಂಸ್ಥಾನ ಹೆಂಗಸರ ಆಸ್ತಿ ಹಕ್ಕಿನ ಕಾಯ್ದೆ ಮಾಡಿದ 1933ರಲ್ಲಿ 93. ಜೋಗದಲ್ಲಿ ಕರೆಂಟು ಹುಟ್ಟಿದ 1948ರಲ್ಲಿ 108. ಹೋಗೋ ಹೊತ್ತಿಗೆ ದೇಶದಲ್ಲಿ ಮೊದಲ ಚುನಾವಣೆ ಆಗಿತ್ತು. ಹೊರಗೆ ಇಷ್ಟೆಲ್ಲ ಸದ್ದು. ಒಳಗೆ ಅದೇ ತಣ್ಣೀರು, ಅದೇ ಒಪ್ಪತ್ತು.

ನಮ್ಮ ಮನೆಯವರು ಇದನ್ನ ನೋಡಿದ್ದು ದೂರದರ್ಶನದಲ್ಲಿ. ನಿಮಗೆ ನೆನಪಿರಬಹುದು, ಎಂಬತ್ತರ ದಶಕದಲ್ಲಿ ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಯ ಪ್ರಶಸ್ತಿ ಸಿನಿಮಾ ಹಾಕೋರು. ಊಟ ಆದ ಮೇಲೆ, ಕಣ್ಣು ಎಳೀತಿರೋ ಹೊತ್ತು. ಕನ್ನಡದ ಸರದಿ ಬಂದ್ರೆ ಹಬ್ಬ. ನಮ್ಮ ಕಡೆ ಟಿ.ವಿ. ಇದ್ದಿದ್ದು ಭದ್ರಾವತಿ ದೊಡ್ಡಮ್ಮನ ಕ್ವಾರ್ಟರ್ಸಿನಲ್ಲಿ. ಅಜ್ಜಿ, ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯವರು, ನಾವು ಹುಡುಗೀರು, ಎಲ್ಲ ಚಾಪೆ ಹಾಸ್ಕಂಡು ಕೂತಿದ್ವಿ.

ದೊಡ್ಡಮ್ಮನಿಗೆ ಅರ್ಧಕ್ಕೇ ಬೇಜಾರು ಬಂತು. “ಎಂತ ಮಾರಾಯ್ತಿ ಇದು! ನೀರು ಸೇದ್ತಾಳೆ, ಬೇಯಿಸ್ತಾಳೆ, ಬಡಿಸ್ತಾಳೆ, ಮತ್ತೆ ನೀರು ಸೇದ್ತಾಳೆ. ಒಂದು ಸಲನಾದ್ರೂ ಕಿರುಚಬಾರದಾ? ಎದೆ ಬಡ್ಕಂಡು ಅಳಬಾರದಾ? ಇಷ್ಟು ಅನ್ಯಾಯ ಆದೋಳು ಹಿಂಗೆ ಸುಮ್ಮನೆ ಇರ್ತಾಳಾ?” ಅಂತ ಎದ್ದು ಕಾಫಿಗೆ ಇಡಕ್ಕೆ ಹೋದ್ರು.

ಮುಂದೆ ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ನಮ್ಮತ್ತೆ ಹತ್ರ ಈ ಮಾತು ಬಂತು. ಅವರಿಗೆ ಆ ಸಿನಿಮಾ ಅಂದ್ರೆ ಪ್ರಾಣ. “ಎಂಥ ಸಹನೆ, ಎಂಥ ತೂಕ! ದೇವತೆ ಕಣೇ ಅವರು. ನೋಡಿ ಕೈ ಮುಗೀಬೇಕು ಅನ್ಸುತ್ತೆ,” ಅಂದ್ರು.

ಚಿಕ್ಕಮ್ಮ ಹೈಸ್ಕೂಲಲ್ಲಿ ಟೀಚರು. ಅವರಿಗೆ ಅತ್ತೆಯ ಮಾತು ಕೇಳಿದ್ರೇ ಉರಿ. “ಅದೇ ತಪ್ಪು. ಅಷ್ಟು ಚಂದ ಮಾಡಿ, ಅಷ್ಟು ಶಾಂತವಾಗಿ ತೋರಿಸಿದ್ರೆ ಅನ್ಯಾಯಕ್ಕೂ ಜನ ಆರತಿ ಎತ್ತುತಾರೆ. ಸುಮ್ಮನಿರೋದೇ ಹೆಣ್ಣಿಗೆ ಭೂಷಣ ಅಂತ ಹೇಳಿದ ಹಾಗಾಗಲ್ವಾ?” ಅನ್ನೋದು ಅವರ ವಾದ.

ಒಂದೇ ಸಿನಿಮಾ. ಒಬ್ಬರಿಗೆ ಬೇಜಾರು, ಒಬ್ಬರಿಗೆ ಭಕ್ತಿ, ಒಬ್ಬರಿಗೆ ಸಿಟ್ಟು. ಮೂರೂ ಜನ ಬುದ್ಧಿವಂತರೇ. ಹಾಗಾದ್ರೆ ಇದು ಹೇಗೆ?

ಸುಲಭದ ಉತ್ತರ ಒಂದಿದೆ, ಗಂಡಸರು ಬೇಗ ಹೇಳ್ತಾರೆ: ಓದಿದೋರಿಗೆ ಅರ್ಥ ಆಗುತ್ತೆ, ಉಳಿದೋರಿಗೆ ಆಗಲ್ಲ ಅಂತ. ಇದನ್ನ ನಾನು ಒಪ್ಪಲ್ಲ. ಸಾಗರದ ಹತ್ರ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಇದೆಯಲ್ಲ, ಅಲ್ಲಿ 1973ರಲ್ಲೇ ಚಿತ್ರಸಮಾಜ ಶುರುವಾಗಿತ್ತು. ಅಡಕೆ ತೋಟದ ಕೆಲಸ ಮುಗಿಸಿ ಬಂದ ಜನಕ್ಕೆ ದೇಶ-ವಿದೇಶದ ನಿಧಾನದ ಸಿನಿಮಾಗಳನ್ನ ತೋರಿಸೋರು, ಜನ ಕೂತು ನೋಡೋರು. ಡಿಗ್ರಿ ಕೇಳಿ ಒಳಗೆ ಬಿಡ್ತಿರಲಿಲ್ಲ. ಇತ್ತ ನಮ್ಮ ಮನೇಲೇ ನೋಡಿ, ಎಂ.ಎ. ಮಾಡಿದ ಚಿಕ್ಕಮ್ಮನಿಗೆ ಸಿಟ್ಟು, ನಾಲ್ಕನೇ ಕ್ಲಾಸಿನ ಅತ್ತೆಗೆ ಭಕ್ತಿ. ಓದಿನ ಲೆಕ್ಕ ಇಲ್ಲಿ ಕೂರಲ್ಲ.

ನನಗೆ ಕಂಡ ಹಾಗೆ ಉತ್ತರ ಇರೋದು ಇದೇ ಎಂ.ಕೆ. ಇಂದಿರಾ ಅವರ ಇನ್ನೊಂದು ಕಾದಂಬರಿಯ ಸಿನಿಮಾದಲ್ಲಿ. ‘ಗೆಜ್ಜೆಪೂಜೆ’, 1969, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಕಲ್ಪನಾ ನಾಯಕಿ. ನಮ್ಮಮ್ಮ, ದೊಡ್ಡಮ್ಮ, ಅಜ್ಜಿ ಎಲ್ಲ ಸೇರಿ ಥಿಯೇಟರಿಗೆ ಹೋಗಿ ಸೆರಗು ಒದ್ದೆ ಮಾಡ್ಕಂಡು ಬಂದಿದ್ರು ಅಂತ ನೂರು ಸಲ ಕೇಳಿದೀನಿ. ಮನೇಲಿ ಆ ಸಿನಿಮಾದ ಬಗ್ಗೆ ಒಂದು ದಿನ ಜಗಳ ಆಗಿದ್ದಿಲ್ಲ. ವೇಶ್ಯೆಯ ಮನೇಲಿ ಹುಟ್ಟಿದ ಹುಡುಗಿ ಎಲ್ಲರ ಹಾಗೆ ಮದುವೆಯಾಗಿ ಬಾಳಬೇಕು ಅಂತ ಆಸೆಪಡ್ತಾಳೆ, ಊರು ಬಿಡೋದಿಲ್ಲ, ಕೊನೆಗೆ ಅವಳು ಪ್ರಾಣ ಬಿಡ್ತಾಳೆ. ಯಾರು ತಪ್ಪು, ಯಾರು ಸರಿ, ಎಲ್ಲಿ ಅಳಬೇಕು ಅನ್ನೋದನ್ನ ಸಿನಿಮಾವೇ ಹೇಳುತ್ತೆ. ಸಂಗೀತ ಏರುತ್ತೆ, ಕಲ್ಪನಾ ಕಣ್ಣು ತುಂಬುತ್ತೆ, ಇಡೀ ಥಿಯೇಟರು ಒಟ್ಟಿಗೆ ಮೂಗು ಒರೆಸ್ಕೊಳ್ಳುತ್ತೆ.

ಇದು ಕಮ್ಮಿ ಅಂತ ನಾನು ಹೇಳ್ತಿಲ್ಲ. ಮನೇಲಿ ಜೋರಾಗಿ ಅಳಕ್ಕೂ ಜಾಗ ಇಲ್ಲದ ಹೆಂಗಸರಿಗೆ ಕತ್ತಲೆಯ ಥಿಯೇಟರಲ್ಲಿ ಮೂರು ಗಂಟೆ ಅಳಕ್ಕೆ ಅನುಕೂಲ ಮಾಡಿಕೊಟ್ಟಿದ್ದು ಪುಟ್ಟಣ್ಣನವರ ದೊಡ್ಡ ಉಪಕಾರ. ಎರಡು ವರ್ಷ ಆದ ಮೇಲೆ ‘ಶರಪಂಜರ’ ಬಂದಾಗಲೂ ಅದೇ ಆಯ್ತು. ನಮ್ಮ ಪರವಾಗಿ ಕಲ್ಪನಾ ಕೂಗಿದ್ರು. ನಾವು ಹಗುರಾಗಿ ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿದ್ವಿ.

ಆದ್ರೆ ‘ಫಣಿಯಮ್ಮ’ದಲ್ಲಿ ನಮ್ಮ ಪರವಾಗಿ ಯಾರೂ ಅಳೋದಿಲ್ಲ. ಪ್ರೇಮಾ ಕಾರಂತ ಕೆಲಸ ತೋರಿಸ್ತಾರೆ, ಬಾವಿ ತೋರಿಸ್ತಾರೆ, ಮುಖ ತೋರಿಸ್ತಾರೆ, ತೀರ್ಪು ಹೇಳಲ್ಲ. ಎಲ್.ವಿ. ಶಾರದಾ ಅವರ ಮುಖ ನೆನೆಸ್ಕಳ್ಳಿ. ಇದೇ ಶಾರದಾ 1971ರ ‘ವಂಶವೃಕ್ಷ’ದಲ್ಲಿ ಕಾತ್ಯಾಯನಿ ಆಗಿದ್ರು, ಗಂಡ ಸತ್ತ ಮೇಲೆ ಮತ್ತೆ ಮದುವೆಯಾಗೋ ಹೆಣ್ಣು. ಅಲ್ಲಿ ಹೊಸ್ತಿಲು ದಾಟಿದೋಳು ಇಲ್ಲಿ ಹೊಸ್ತಿಲೊಳಗೇ ಸವೀತಾಳೆ. ಆ ಮುಖದ ಮೇಲೆ ಇರೋದು ತೃಪ್ತಿಯಾ, ಸೋಲಾ, ಅಥವಾ ಸಿಟ್ಟು ಆರಿ ಬೂದಿಯಾಗಿದ್ದಾ? ಸಿನಿಮಾ ಹೇಳಲ್ಲ. ನೋಡೋರೇ ಹೇಳ್ಕಬೇಕು. ಜಗಳ ಹುಟ್ಟೋದು ಅಲ್ಲೇ. ಯಾಕಂದ್ರೆ ನಾವು ಆ ಮುಖ ನೋಡ್ತಾ ಹೇಳೋದು ಫಣಿಯಮ್ಮನ ಮಾತಲ್ಲ, ನಮ್ಮನೆ ಅಜ್ಜಿಯ ಮಾತು.

ಕಥೆ ಹೇಳೋ ರೀತಿ ಹೀಗೆ ತಣ್ಣಗೆ ಯಾಕಿರಬೇಕಿತ್ತು ಅನ್ನೋದಕ್ಕೂ ಕಾರಣ ಇದೆ. ‘ಗೆಜ್ಜೆಪೂಜೆ’ಯ ಹುಡುಗಿಯ ಕಷ್ಟಕ್ಕೆ ಒಂದು ಕೊನೆಯ ದಿನ ಇದೆ. ಫಣಿಯಮ್ಮನ ಕಷ್ಟಕ್ಕೆ ಅಂಥ ದಿನವೇ ಇಲ್ಲ. ಒಂಬತ್ತರಿಂದ ನೂರ ಹನ್ನೆರಡರ ತನಕ, ಲೆಕ್ಕ ಹಾಕಿ, ಮೂವತ್ತೇಳು ಸಾವಿರಕ್ಕೂ ಹೆಚ್ಚು ದಿನ. ಒಂದು ದಿನದ ಕಷ್ಟವನ್ನ ಕೂಗಿ ಹೇಳಬಹುದು. ಮೂವತ್ತೇಳು ಸಾವಿರ ದಿನದ್ದನ್ನ ಕೂಗಕ್ಕೆ ಯಾರ ಗಂಟಲಿಗೂ ಆಗಲ್ಲ. ಅದು ಬಿಂದಿಗೆ ಮೇಲೆ ಬಿಂದಿಗೆ ನೀರು ಸೇದೋದ್ರಲ್ಲೇ ತೋರಬೇಕು. ದೊಡ್ಡಮ್ಮನಿಗೆ ಬೇಜಾರಾಯ್ತಲ್ಲ “ಮತ್ತೆ ನೀರು ಸೇದ್ತಾಳೆ” ಅಂತ, ಆ ಬೇಜಾರೇ ಆ ಬದುಕು. ನಮಗೆ ಎರಡು ಗಂಟೆ ಆಗಿದ್ದು ಅವರಿಗೆ ನೂರು ವರ್ಷ ಆಯ್ತು.

ಇದು ನಮ್ಮ ಮಲೆನಾಡಿನ ಹೆಂಗಸರಿಗೆ ಮಾತ್ರ ಅಲ್ಲ. ಬೆಲ್ಜಿಯಂ ದೇಶದಲ್ಲಿ ಶಾಂತಾಲ್ ಅಕರ್‌ಮನ್ ಅಂತ ಒಬ್ಬಳು 25ರ ಹರೆಯದಲ್ಲಿ, 1975ರಲ್ಲಿ, ‘ಝಾನ್ ಡೀಲ್ಮನ್’ ಅಂತ ಸಿನಿಮಾ ಮಾಡಿದ್ಲು. ಗಂಡ ಸತ್ತ ಹೆಂಗಸೊಬ್ಬಳ ಮೂರು ದಿನ. ಆಲೂಗಡ್ಡೆ ಸಿಪ್ಪೆ ತೆಗೀತಾಳೆ, ಹಾಸಿಗೆ ಸರಿ ಮಾಡ್ತಾಳೆ, ಪಾತ್ರೆ ತೊಳೀತಾಳೆ, ಮಗನಿಗೆ ಬಡಿಸ್ತಾಳೆ. ಮೂರು ಗಂಟೆ 20 ನಿಮಿಷ, ಅಡುಗೆಮನೆ ಬಿಟ್ಟು ಕ್ಯಾಮೆರಾ ಹೆಚ್ಚು ದೂರ ಹೋಗಲ್ಲ. ಮೊದಲು ತೋರಿಸಿದಾಗ ಎಷ್ಟೋ ಜನ ಎದ್ದು ಹೋದ್ರು. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳಿ ಅತ್ಯುತ್ತಮ ಸಿನಿಮಾಗಳ ಪಟ್ಟಿ ಮಾಡುತ್ತೆ. 2022ರಲ್ಲಿ ಮೊದಲ ಸ್ಥಾನ ಇದಕ್ಕೇ ಬಂತು. ಆಗಲೂ ಜಗಳ ನಿಲ್ಲಲಿಲ್ಲ, ಇದಕ್ಕಾ ಮೊದಲ ಸ್ಥಾನ ಅಂತ ಅರ್ಧ ಜನ ಮೂಗು ಮುರಿದ್ರು. ಅಡುಗೆಮನೆ ಕೆಲಸ ನೋಡಕ್ಕೆ ಕೂರಿಸಿದ್ರೆ ಎಲ್ಲ ದೇಶದಲ್ಲೂ ಜನ ಹೀಗೆ ಎರಡಾಗ್ತಾರೆ ಅಂತ ಕಾಣುತ್ತೆ.

ಹಾಗಂತ ನಮ್ಮ ಜಿಲ್ಲೆಯ ಎಲ್ಲ ಸಿನಿಮಾ ಜಗಳವೂ ಒಂದೇ ಥರದ್ದಲ್ಲ. 1970ರ ‘ಸಂಸ್ಕಾರ’ ನೆನೆಸ್ಕಳ್ಳಿ. ಕಥೆ ಬರೆದ ಅನಂತಮೂರ್ತಿ ತೀರ್ಥಹಳ್ಳಿ ತಾಲ್ಲೂಕು ಮೇಳಿಗೆಯವರು. ನಾರಣಪ್ಪ ಆಗಿದ್ದ ಲಂಕೇಶ್ ನಮ್ಮ ಶಿವಮೊಗ್ಗ ತಾಲ್ಲೂಕು ಕೊನಗವಳ್ಳಿಯವರು. ಮದ್ರಾಸಿನ ಸೆನ್ಸಾರಿನವರು ಮೊದಲು ಬಿಡಲಿಲ್ಲ, ಆಮೇಲೆ ಅದಕ್ಕೇ ದೇಶದ ಅತ್ಯುತ್ತಮ ಚಿತ್ರ ಅಂತ ಪ್ರಶಸ್ತಿ ಬಂತು. ಅದು ಜಾತಿಯ ಮಾತು, ಜಗುಲಿ ಮೇಲೆ ಗಂಡಸರು ಆಡೋ ಜಗಳ. 1977ರಲ್ಲಿ ತೀರ್ಥಹಳ್ಳಿ ತಾಲ್ಲೂಕು ಕೆಸಲೂರಿನ ಗಿರೀಶ ಕಾಸರವಳ್ಳಿ ‘ಘಟಶ್ರಾದ್ಧ’ ಮಾಡಿದ್ರು, ಇದೂ ಅನಂತಮೂರ್ತಿ ಕಥೆಯೇ. ಅದರಲ್ಲೂ ವಿಧವೆ ಇದಾಳೆ, ಯಮುನಕ್ಕ. ಬಸುರಾದಳು ಅಂತ ಬದುಕಿದ್ದವಳಿಗೇ ಶ್ರಾದ್ಧ ಮಾಡಿ ಹೊರಗೆ ಹಾಕ್ತಾರೆ. ಎಲ್ಲ ನೋಡೋದು ಒಬ್ಬ ಚಿಕ್ಕ ಹುಡುಗನ ಕಣ್ಣಲ್ಲಿ. ಅದೂ ತಣ್ಣನೆ ಸಿನಿಮಾನೇ. ಆದ್ರೆ ನಮ್ಮನೇಲಿ ಅದಕ್ಕೆ ಜಗಳ ಇಲ್ಲ, ಎಲ್ಲರಿಗೂ ಕರುಳು ಹಿಂಡುತ್ತೆ. ಯಾಕಂದ್ರೆ ಅಲ್ಲಿ ಅನ್ಯಾಯ ಮಾಡೋರು ಕಣ್ಣಿಗೆ ಕಾಣ್ತಾರೆ. ಶಾಸ್ತ್ರ ಹೇಳಿ ಮಡಕೆ ಒಡೆದ ಕೈ ಕಾಣುತ್ತೆ.

ಫಣಿಯಮ್ಮನಿಗೆ ಅನ್ಯಾಯ ಮಾಡಿದ್ದು ಯಾರು? ಅಪ್ಪ-ಅಮ್ಮ ಅವಳನ್ನ ಪ್ರೀತಿ ಮಾಡ್ತಿದ್ರು. ಮನೆ ಜನ ಅನ್ನ ಹಾಕಿದ್ರು, ಗೌರವ ಕೊಟ್ರು, ಫಣಿಯಮ್ಮ ಇಲ್ಲದೆ ಒಲೆ ಹತ್ತಲ್ಲ ಅಂದ್ರು. ಬಾಗಿಲಿಗೆ ಬೀಗ ಹಾಕಿದ ರಾಕ್ಷಸ ಯಾರೂ ಇಲ್ಲ. ಮನೆಯೇ ಎಲ್ಲ ಮಾಡಿದ್ದು, ಪ್ರೀತಿಯಿಂದಲೇ ಮಾಡಿದ್ದು. ಅದನ್ನ ಒಪ್ಪಿಕೊಂಡ್ರೆ ನಮ್ಮ ಅಜ್ಜ, ಮುತ್ತಜ್ಜಿ ಎಲ್ಲರನ್ನೂ ಕಟಕಟೆಗೆ ಹತ್ತಿಸಬೇಕು. ಅದಕ್ಕೆ ಮನಸ್ಸು ಬರೋದಿಲ್ಲ. ಆಗ ಮೂರು ದಾರಿ ಉಳಿಯುತ್ತೆ. ದೇವತೆ ಅಂತ ಕೈ ಮುಗಿದು ಬಿಡೋದು, ಬೇಜಾರು ಅಂತ ಎದ್ದು ಹೋಗೋದು, ಇಲ್ಲಾ ಸಿನಿಮಾದ ಮೇಲೇ ಸಿಟ್ಟು ಮಾಡೋದು. ನಮ್ಮನೇಲಿ ಮೂರೂ ಆಯ್ತು.

ಚಿಕ್ಕಮ್ಮನ ಮಾತಲ್ಲಿ ಹುರುಳಿದೆ, ಅದನ್ನ ತಳ್ಳಿಹಾಕಬಾರದು. ಮೆತ್ತಗೆ ಹೇಳೋ ಸಿನಿಮಾಕ್ಕೆ ಈ ಅಪಾಯ ಇದ್ದೇ ಇದೆ. ಪೂಜೆ ಮಾಡಬೇಕು ಅಂತ ಬಂದೋರನ್ನ ಅದು ತಡೆಯೋದಿಲ್ಲ. ಆದ್ರೆ ಕಣ್ಣು ತೆರೆದು ನೋಡಿದ್ರೆ ಫಣಿಯಮ್ಮ ಬರೀ ಸಹಿಸಿದೋರಲ್ಲ. ದಾಕ್ಷಾಯಣಿ ಅನ್ನೋ ಚಿಕ್ಕ ವಯಸ್ಸಿನ ವಿಧವೆ ತಲೆ ಬೋಳಿಸಲ್ಲ ಅಂತ ಹಠ ಹಿಡಿದಾಗ ಅವಳ ಪರ ನಿಲ್ಲೋದು ಇದೇ ಮಡಿ ಅಜ್ಜಿ. ಮಡಿ-ಮೈಲಿಗೆ ಬದಿಗಿಟ್ಟು ಬೇರೆ ಜಾತಿಯ ಹೆಂಗಸಿನ ಹೆರಿಗೆಗೆ ಕೈ ಕೊಡೋದೂ ಇವರೇ. ಅದನ್ನೂ ಭಾಷಣ ಮಾಡದೆ ಮಾಡ್ತಾರೆ. ತನಗೆ ಆಗಿದ್ದು ಇನ್ನೊಬ್ಬಳಿಗೆ ಆಗಬಾರದು ಅನ್ನೋದು ಸಹನೆ ಅಲ್ಲ, ತೀರ್ಪು. ಅತ್ತೆ ಈ ಭಾಗ ಮರೆತುಬಿಡ್ತಾರೆ, ಚಿಕ್ಕಮ್ಮನೂ ಮರೀತಾರೆ. ಇಬ್ಬರಿಗೂ ಇದು ಅವರ ವಾದಕ್ಕೆ ಅಡ್ಡ ಬರುತ್ತೆ.

ಆ ಭಾನುವಾರ ಸಿನಿಮಾ ಮುಗಿದ ಮೇಲೆ ಎಲ್ಲ ಜೋರು ಜೋರಾಗಿ ಮಾತಾಡ್ತಿದ್ವಿ. ಅಜ್ಜಿ ಗೋಡೆಗೆ ಒರಗಿ ಹೂಬತ್ತಿ ಮಾಡ್ತಾ ಕೂತಿದ್ರು. ನಮ್ಮ ಅಜ್ಜನ ಅಕ್ಕ ಒಬ್ಬರು ಹಾಗೇ ಇದ್ದೋರು, ಬಾಲವಿಧವೆ. ನನಗೆ ಮಸುಕು ನೆನಪು: ಕೆಂಪು ಸೀರೆ, ತಲೆ ಮೇಲೆ ಸೆರಗು, ಕೈಯಲ್ಲಿ ಯಾವಾಗಲೂ ಎಂತಾದ್ರೂ ಕೆಲಸ. ನಾವೆಲ್ಲ ‘ಕೆಂಪು ಸೀರೆ ಅಜ್ಜಿ’ ಅಂತಲೇ ಕರೀತಿದ್ವಿ. ಮನೆಯ ಒಂದು ಮದುವೆ ಫೋಟೋದಲ್ಲೂ ಅವರಿಲ್ಲ. ಎಲ್ಲರೂ ಫೋಟೋಕ್ಕೆ ನಿಂತಾಗ ಅವರು ಅಡುಗೆಮನೆ ಬಾಗಿಲ ಹಿಂದೆ ಇರೋರಂತೆ.

ನಮ್ಮ ಗಲಾಟೆ ಸ್ವಲ್ಪ ಇಳಿದ ಮೇಲೆ ಅಜ್ಜಿ ಹೇಳಿದ್ರು, “ಸಿನಿಮಾಕ್ಕೆ ಅವಳ ಹೆಸರೇ ಇಟ್ಟಿದಾರಲ್ಲ, ಅದು ದೊಡ್ಡದು. ಇವಳಿಗೂ ಒಂದು ಹೆಸರಿತ್ತು.” ಆಮೇಲೆ ಆ ಹೆಸರು ಹೇಳಿದ್ರು. ನಲವತ್ತು ವರ್ಷ ಅದೇ ಮನೇಲಿ ಅನ್ನ ಬೇಯಿಸಿ ಹಾಕಿದ ಹೆಂಗಸಿನ ಹೆಸರು ನಮ್ಮಮ್ಮನಿಗೂ ಸರಿಯಾಗಿ ಗೊತ್ತಿರಲಿಲ್ಲ. ಇಲ್ಲಿ ನಾನು ಬರೆಯಲ್ಲ. ನಮ್ಮ ಬಳಗದ ಹೆಣ್ಣುಮಕ್ಕಳಿಗೆ ಗೊತ್ತಿದ್ರೆ ಸಾಕು, ಕೇಳಿದೋರಿಗೆ ಹೇಳ್ತೀನಿ.

ಸಿನಿಮಾ ಅದೇ ಇದ್ರೂ ನೋಡೋರು ಬದಲಾಗ್ತಾರೆ ಅನ್ನೋದಕ್ಕೆ ನನ್ನ ಹತ್ರ ಸಾಕ್ಷಿ ಇದೆ. ದೊಡ್ಡಪ್ಪ ಹೋಗಿ ಎರಡು ವರ್ಷ ಆಗಿತ್ತು. ಬಳಗದಲ್ಲೇ ಒಂದು ಸೀಮಂತ. ದೊಡ್ಡಮ್ಮ ಬೆಳಿಗ್ಗೆ ನಾಲ್ಕಕ್ಕೆ ಎದ್ದು ನೂರು ಜನಕ್ಕೆ ಹೋಳಿಗೆ ಹೂರಣ ರುಬ್ಬಿದ್ದೋರು. ಆರತಿ ಹೊತ್ತಿಗೆ ತಟ್ಟೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಬಂತು, ದೊಡ್ಡಮ್ಮನ ಮುಂದೆ ಬಂದಾಗ ಪಕ್ಕಕ್ಕೆ ತಿರುಗಿ ಮುಂದಿನವರಿಗೆ ಹೋಯ್ತು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಅಕ್ಕರೆಯಿಂದಲೇ “ನೀವು ಕೂತ್ಕಳಿ ದೊಡ್ಡಮ್ಮ, ದಣಿದಿದೀರಿ” ಅಂದ್ರು. ದೊಡ್ಡಮ್ಮ ಕಿರುಚಲಿಲ್ಲ, ಎದೆ ಬಡ್ಕಳ್ಳಲಿಲ್ಲ. ಎದ್ದು ಒಳಗೆ ಹೋಗಿ ಕೋಸಂಬರಿಗೆ ಸೌತೆಕಾಯಿ ಹೆಚ್ಚಿದ್ರು.

ವಾರ ಬಿಟ್ಟು ಭದ್ರಾವತಿಗೆ ಹೋದಾಗ ಅವರೇ ಕೇಳಿದ್ರು, “ಆ ಫಣಿಯಮ್ಮ ಮೊಬೈಲಲ್ಲಿ ಸಿಗುತ್ತೇನೇ? ಹಾಕು ನೋಡಣ.” ಈ ಸಲ ಕಾಫಿಗೆ ಇಡಕ್ಕೆ ಎದ್ದು ಹೋಗಲಿಲ್ಲ. ಮುಗಿಯೋ ತನಕ ಮಾತಿಲ್ಲ. ಮುಗಿದ ಮೇಲೆ, “ಸುಮ್ಮನೆ ಇರ್ತಾಳಾ ಅಂತ ಕೇಳಿದ್ನಲ್ಲ ಅವತ್ತು. ಇರ್ತಾಳೆ,” ಅಂದ್ರು. ಅಷ್ಟೇ.

ಅತ್ತೆ ಈಗಲೂ ಕೈ ಮುಗೀತಾರೆ, ಚಿಕ್ಕಮ್ಮ ಈಗಲೂ ಸಿಟ್ಟಾಗ್ತಾರೆ. ಅವರನ್ನ ಒಪ್ಪಿಸೋ ಆಸೆ ನನಗಿಲ್ಲ. ಎಲ್ಲರೂ ಒಟ್ಟಿಗೆ ಅಳೋ ಸಿನಿಮಾ ಬೇಕು ಅನ್ನಿಸಿದಾಗ ಪುಟ್ಟಣ್ಣನವರದ್ದು ಇದೆ. ‘ಫಣಿಯಮ್ಮ’ ನಮ್ಮನ್ನ ಜಗಳಕ್ಕೆ ಬಿಟ್ಟಿದ್ದರಿಂದಲೇ ಒಂದು ಹೆಸರು ಹೊರಗೆ ಬಂತು, ಆರತಿ ತಟ್ಟೆಯ ಮಾತೂ ಬಂತು. ಒಪ್ಪಿಕೊಂಡು ಕಣ್ಣೊರೆಸಿಕೊಂಡಿದ್ರೆ ಅವೆರಡೂ ಅಡುಗೆಮನೆ ಬಾಗಿಲ ಹಿಂದೆಯೇ ಇರ್ತಿದ್ವು.

ತಂಗಿ ಮಗಳೇ, ನಿನ್ನ ಪ್ರಶ್ನೆಗೆ ಉತ್ತರ ಇದು. ಬರೋ ತಿಂಗಳು ನಿನ್ನ ಅಕ್ಕನ ಸೀಮಂತ ಶಿವಮೊಗ್ಗದ ನಮ್ಮನೇಲೇ. ಮೊದಲ ಆರತಿ ಭದ್ರಾವತಿ ದೊಡ್ಡಮ್ಮನದು ಅಂತ ನಾನೂ ನಿನ್ನಮ್ಮನೂ ಮಾತಾಡ್ಕಂಡಿದೀವಿ. ಅದು ಸರಿ ಬರದೋರು ಇದಾರೆ, ಇಬ್ಬರು ಆಗಲೇ ಫೋನು ಮಾಡಿ ಹೇಳಿದಾರೆ. ಹೇಳಲಿ. ಊಟಕ್ಕೆ ಎಲ್ಲರಿಗೂ ಎಲೆ ಹಾಕಿರ್ತೀವಿ, ಹನ್ನೊಂದು ಗಂಟೆಯೊಳಗೆ ಬನ್ನಿ.